ಮೊದಲಿನ ಮೂರು ಕಿಡಿಗಳು

ಬಸಯ್ಯ ಸಾಲಿಮಠರು ಸಂಶಯದ ಮನುಷ್ಯ ಎಂದು ಯಾರಾದರೂ ಆಡಿಕೊಂಡರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅವರಿಗೆ ಸಂಬಳ ಬರುತ್ತಿದ್ದುದೇ ಸಂಶಯಪಡುವುದಕ್ಕೆ ಎಂಬುದನ್ನೂ ಜೊತೆಗೆ ಹೇಳಬೇಕು. ಬೆಳಗಾವಿಯ ಉದ್ಯಮಬಾಗದಲ್ಲಿ ಇಪ್ಪತ್ತೆಂಟು ಸಣ್ಣ ಫೌಂಡ್ರಿಗಳವರು ಸಂಘ ಕಟ್ಟಿಕೊಂಡು ಒಂದು ಪರೀಕ್ಷಾ ಲ್ಯಾಬ್ ಮಾಡಿದ್ದರು. ಕುಲುಮೆಯಲ್ಲಿ ಕಬ್ಬಿಣ ಕರಗಿದಾಗ ಅದರಲ್ಲಿ ಒಂದಿಷ್ಟನ್ನು ಬಿಲ್ಲೆಯ ಹಾಗೆ ಎರಕ ಹೊಯ್ದು ಇಲ್ಲಿಗೆ ಕಳಿಸುತ್ತಾರೆ. ಬಿಲ್ಲೆಯ ಮುಖವನ್ನು ಉಜ್ಜಿ ನುಣುಪು ಮಾಡಿ ಯಂತ್ರದ ಬಾಯಿಗೆ ಇಟ್ಟರೆ, ಯಂತ್ರ ಅದಕ್ಕೆ ಕಿಡಿ ಹಾರಿಸಿ, ಇಂಗಾಲ ಎಷ್ಟು, ಸಿಲಿಕಾನ್ ಎಷ್ಟು, ಗಂಧಕ ಎಷ್ಟು ಎಂದು ಪಕ್ಕದ ಕಂಪ್ಯೂಟರಿನ ಪರದೆಯ ಮೇಲೆ ತೋರಿಸುತ್ತದೆ. ಆ ಅಂಕಿಯನ್ನು ನಂಬಬೇಕೋ ಬೇಡವೋ ಎಂದು ಹೇಳುವವರು ಬಸಯ್ಯನವರು. ಹನ್ನೊಂದು ವರ್ಷದಲ್ಲಿ ಅವರು ಸಹಿ ಹಾಕಿದ ಒಂದು ವರದಿಯೂ ತಿರುಗಿ ಬಂದಿರಲಿಲ್ಲ.

ತೊಂದರೆಯೆಂದರೆ ಈ ಗುಣವನ್ನು ಅವರು ಲ್ಯಾಬಿನಲ್ಲಿ ಬಿಟ್ಟು ಮನೆಗೆ ಹೋಗುತ್ತಿರಲಿಲ್ಲ. ಮಹಾಂತೇಶ ನಗರದ ಮನೆಗೆ ಹಾಲು ಬಂದರೆ ಮೂಸಿ ನೋಡುವರು, ಗ್ಯಾಸ್ ಸಿಲಿಂಡರ್ ಬಂದರೆ ತೂಗಿಸಿ ನೋಡುವರು. ಬೀಗರು ಬಂದು ಸ್ವಲ್ಪ ಹೆಚ್ಚು ಹೊಗಳಿದರೆ, ಅವರು ಎದ್ದು ಹೋದ ಮೇಲೆ ಇವರಿಗೇನು ಬೇಕಾಗಿರಬಹುದು ಎಂದು ಅರ್ಧ ತಾಸು ತಲೆ ಕೆಡಿಸಿಕೊಳ್ಳುವರು. ಹೆಂಡತಿ ಕಾಂತಾ ಮೂವತ್ತು ವರ್ಷದಲ್ಲಿ ಇದಕ್ಕೆ ಹೊಂದಿಕೊಂಡಿದ್ದರು. ನನ್ನೊಬ್ಬಳನ್ನು ಬಿಟ್ಟು ಉಳಿದವರ ಮೇಲೆಲ್ಲ ಸಂಶಯ, ನನಗಷ್ಟು ಸಾಕು ಎಂದು ಅವರು ಅಕ್ಕಪಕ್ಕದವರಿಗೆ ಹೇಳಿ ನಗುತ್ತಿದ್ದರು.

ಇಂಥವರ ಕೈಗೆ ಸಂಘದವರು ಆ ವರ್ಷ ಹೊಸದೊಂದು ಕೆಲಸ ಕೊಟ್ಟರು. ಇಲ್ಲಿಯ ಫೌಂಡ್ರಿಗಳಿಂದ ಎರಕ ಕೊಳ್ಳುವ ಪುಣೆಯ ದೊಡ್ಡ ಕಂಪನಿಯೊಂದು, ಇನ್ನು ಮುಂದೆ ಕಾಗದದ ವರದಿ ನಡೆಯುವುದಿಲ್ಲ, ನಿಮ್ಮ ಲ್ಯಾಬಿನ ಕಂಪ್ಯೂಟರುಗಳು ನಮ್ಮ ನೆಟ್‌ವರ್ಕಿಗೆ ಸೇರಬೇಕು, ಅದೂ ಗಣೇಶ ಚೌತಿಯೊಳಗೆ ಆಗಬೇಕು ಎಂದು ಬರೆದಿತ್ತು. ಹಾಗೆ ಸೇರಿಸುವುದಕ್ಕೆ ಒಂದು ಸಾಫ್ಟ್‌ವೇರ್ ಬೇಕು. ಉದ್ಯಮಬಾಗದಲ್ಲಿ ಮೂರು ಕಂಪ್ಯೂಟರು. ಖಾನಾಪುರದಲ್ಲಿ, ಅಚ್ಚಿನ ಮರಳನ್ನು ಪರೀಕ್ಷೆ ಮಾಡುವ ಸಂಘದ್ದೇ ಇನ್ನೊಂದು ಸಣ್ಣ ಲ್ಯಾಬಿನಲ್ಲಿ ಎರಡು. ಮಾರುಕಟ್ಟೆಯಲ್ಲಿರುವ ಎರಡು ಸಾಫ್ಟ್‌ವೇರ್‌ಗಳನ್ನು ಎರಡು ತಿಂಗಳು ಜೊತೆಜೊತೆಗೆ ನಡೆಸಿ, ಯಾವುದು ಆಗಬಹುದೆಂದು ಬಸಯ್ಯನವರು ಹೇಳಬೇಕು, ಅವರು ಹೇಳಿದ್ದೇ ಆಖೈರು ಎಂದು ಸಭೆಯಲ್ಲಿ ಠರಾವಾಯಿತು.

ಎರಡಕ್ಕೂ ನಾಲಿಗೆ ಹೊರಳದ ಹೆಸರುಗಳಿದ್ದವು. ಪರದೆಯ ಮೇಲೆ ಒಂದರ ಗುರುತು ಹಸಿರು, ಇನ್ನೊಂದರದು ನೀಲಿ. ಹೀಗಾಗಿ ಲ್ಯಾಬಿನಲ್ಲಿ ಅವು ಹಸಿರು, ನೀಲಿ ಎಂದೇ ಆದವು. ಹಸಿರು ಸಾಧು ಸ್ವಭಾವದ್ದು. ದಿನದ ಕೊನೆಗೆ ಬಸಯ್ಯನವರು ಒಪ್ಪಿ ಗುಂಡಿ ಒತ್ತಿದ ಅಂಕಿಗಳನ್ನಷ್ಟೇ ಎತ್ತಿಕೊಂಡು ಹೋಗುತ್ತಿತ್ತು. ನೀಲಿ ಹಾಗಲ್ಲ. ಯಂತ್ರದಲ್ಲಿ ಕಿಡಿ ಹಾರಿ ಅಂಕಿ ಬಂದ ಗಳಿಗೆಯಲ್ಲೇ, ಅದು ಸರಿಯೋ ತಪ್ಪೋ ಯಾರನ್ನೂ ಕೇಳದೆ ಸಾಗಿಸಿಬಿಡುತ್ತಿತ್ತು. ಪರೀಕ್ಷೆಯ ಎರಡು ತಿಂಗಳು ಪುಣೆಗೆ ಏನೂ ಹೋಗುವುದು ಬೇಡ, ಖಾನಾಪುರದ ಕಂಪ್ಯೂಟರಿನವರೆಗೆ ಹೋದರೆ ಸಾಕು ಎಂದು ವ್ಯವಸ್ಥೆ ಮಾಡಿದ್ದರು.

ಹಸಿರನ್ನು ತಂದವರು ಸಂಘದ ಕಾರ್ಯದರ್ಶಿ ಪ್ರಸಾದ. ಸ್ವತಃ ಫೌಂಡ್ರಿ ಇಟ್ಟವರು, ಮಾತಿಗೊಮ್ಮೆ ಹೆಗಲ ಮೇಲೆ ಕೈ ಹಾಕುವವರು. ಬಸಯ್ಯನವರಿಗೆ ಹೆಗಲ ಮೇಲೆ ಕೈ ಹಾಕುವವರನ್ನು ಕಂಡರೆ ಆಗದು. ಮೊದಲ ವಾರವೆಲ್ಲ ಅವರ ಸಂಶಯ ಪ್ರಸಾದನ ಮೇಲೆಯೇ ಇತ್ತು. ಹಸಿರು ಮಾರುವ ಅಂಗಡಿ ಪ್ರಸಾದನ ಹೆಂಡತಿಯ ತಮ್ಮನದು ಎಂದು ಎಲ್ಲಿಂದಲೋ ತಿಳಿದುಕೊಂಡೂ ಬಂದಿದ್ದರು. ಆದರೆ ಮನುಷ್ಯ ತನ್ನ ಮಾತು ಕೇಳುವ ವಸ್ತುವಿನ ಮೇಲೆ ಬಹಳ ದಿನ ಸಿಟ್ಟು ಇಟ್ಟುಕೊಳ್ಳಲಾರ. ಸಂಜೆ ಗುಂಡಿ ಒತ್ತಿದಾಗ ಹಸಿರು ಅಂಕಿಗಳನ್ನು ವಿಧೇಯವಾಗಿ ಎತ್ತಿಕೊಂಡು ಹೋಗುವುದನ್ನು ನೋಡಿ ನೋಡಿ ಅವರಿಗೆ ಅದು ಹಿಡಿಸತೊಡಗಿತು. ಆಗ ಸಂಶಯಕ್ಕೆ ಬೇರೆ ಜಾಗ ಬೇಕಾಯಿತು.

ಆ ಜಾಗದಲ್ಲಿ ಫರಾಜ ಇದ್ದ. ನೀಲಿಯನ್ನು ತಂದು ಕೂಡಿಸಿದವನು ಅವನು. ಖಾನಾಪುರದವನು, ಇಪ್ಪತ್ತೇಳು ವರ್ಷದ ಇಂಜಿನಿಯರ, ಉದ್ಯಮಬಾಗದ ಹದಿನೈದಿಪ್ಪತ್ತು ಕಾರಖಾನೆಗಳ ಕಂಪ್ಯೂಟರು, ಕೇಬಲ್ಲು ನೋಡಿಕೊಂಡು ತಾಯಿಯನ್ನೂ ತಂಗಿಯನ್ನೂ ಸಾಕುತ್ತಿದ್ದವನು. ಮಿತವಾಗಿ ಮಾತಾಡುತ್ತಿದ್ದ. ಬಸಯ್ಯನವರನ್ನು ಕಾಕಾ ಎನ್ನುತ್ತಿದ್ದ. ಫೋನು ಬಂದರೆ ಮೂಲೆಗೆ ಹೋಗಿ ತಗ್ಗಿದ ದನಿಯಲ್ಲಿ ತಮ್ಮ ಮನೆಯ ಭಾಷೆಯಲ್ಲಿ ಮಾತಾಡುತ್ತಿದ್ದ. ಅಮ್ಮ ಔಷಧಿ ತರಲು ಹೇಳಿರಬಹುದು, ತಂಗಿ ಕಾಲೇಜಿನಿಂದ ಕರೆದುಕೊಂಡು ಹೋಗೆಂದಿರಬಹುದು. ಬಸಯ್ಯನವರ ಕಿವಿಗೆ ಮಾತ್ರ ಅದು ಗುಟ್ಟಿನ ಹಾಗೆ ಕೇಳಿಸಿತು. ಅವನು ಇಂಥವನು ಎಂಬ ಕಾರಣಕ್ಕೆ ನಾನು ಸಂಶಯಪಡುತ್ತಿಲ್ಲ ಎಂದು ಅವರು ತಮಗೆ ತಾವೇ ಎರಡು ಮೂರು ಸಲ ಹೇಳಿಕೊಂಡರು. ಒಂದು ಸಲಕ್ಕೆ ನಂಬಿಕೆ ಬಂದಿದ್ದರೆ ಎರಡನೆಯ ಸಲ ಹೇಳಿಕೊಳ್ಳುವ ಅಗತ್ಯ ಬೀಳುತ್ತಿರಲಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆಯ ಮುಂಜಾನೆ ಮೊದಲ ಎಡವಟ್ಟಾಯಿತು. ನಮ್ಮ ಕಡೆ ಅಮಾವಾಸ್ಯೆಯೆಂದರೆ ಗಾಡಿ, ಅಂಗಡಿ, ಯಂತ್ರ ಎಲ್ಲಕ್ಕೂ ಪೂಜೆ. ಲ್ಯಾಬಿನಲ್ಲಿ ಆ ಪೂಜೆ ಬಸಯ್ಯನವರದೇ. ಮಿಂದು ಬಂದು, ಊದಿನಕಡ್ಡಿ ಹಚ್ಚಿ, ಯಂತ್ರದ ಹಣೆಗೆ ಮೂರು ಬೆರಳಿನ ವಿಭೂತಿ ಎಳೆದು, ಕಾಯಿ ಒಡೆಯುವರು. ಮಾಸ್ಟರ್ ತುಂಡಿಗೂ ಪೂಜೆ ಸಲ್ಲುತ್ತಿತ್ತು. ಅದು ಇಂತಿಷ್ಟೇ ಸಿಲಿಕಾನ್, ಇಂತಿಷ್ಟೇ ಇಂಗಾಲ ಎಂದು ಪ್ರಮಾಣಪತ್ರ ಇರುವ ಬಿಲ್ಲೆ. ದಿನಾ ಮುಂಜಾನೆ ಮೊದಲು ಅದನ್ನಿಟ್ಟು, ಪ್ರಮಾಣಪತ್ರದ ಅಂಕಿಯೇ ಪರದೆಯ ಮೇಲೆ ಬಂದರೆ ಯಂತ್ರ ಸರಿಯಾಗಿದೆ ಎಂದು ಅರ್ಥ. ಬಸಯ್ಯನವರು ಅದನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ, ಬೀಗ ಹಾಕಿ ಇಡುತ್ತಿದ್ದರು.

ಅಂದು ನೀಲಿಯ ಕೇಬಲ್ ಸರಿಮಾಡಲು ಫರಾಜನೂ ಬಂದಿದ್ದ. ಪೂಜೆ ಮುಗಿಯುವವರೆಗೆ ಬೂಟು ಕಳಚಿ ಹೊರಗೆ ನಿಂತಿದ್ದು, ಕೊಟ್ಟ ಕೊಬ್ಬರಿ ಚೂರನ್ನು ತಿಂದು, ಮೂಲೆಯ ಕಂಪ್ಯೂಟರಿನ ಮುಂದೆ ಕುಳಿತ. ಬಸಯ್ಯನವರು ಮಾಸ್ಟರ್ ತುಂಡನ್ನು ಬಟ್ಟೆಯಿಂದ ಒರೆಸಿ ಯಂತ್ರಕ್ಕಿಟ್ಟರು. ಸಿಲಿಕಾನ್ ಹೆಚ್ಚು ಬಂತು. ಇನ್ನೊಮ್ಮೆ ಕಿಡಿ ಹಾರಿಸಿದರು, ಹೆಚ್ಚು. ಮತ್ತೊಮ್ಮೆ, ಹೆಚ್ಚು. ಯಂತ್ರಕ್ಕೆ ಇನ್ನೂ ನಿದ್ದೆ ಎಂದುಕೊಂಡು ಬಿಲ್ಲೆಯನ್ನು ಮತ್ತೆ ಉಜ್ಜಿ ಇಟ್ಟರು. ನಾಲ್ಕನೆಯದು ಸರಿಯಾಗಿ ಬಂತು. ಎಂದಿನಂತೆ ನಾಲ್ಕನೆಯದನ್ನಷ್ಟೇ ರಜಿಸ್ಟರಿನಲ್ಲಿ ಬರೆದು ಪೆನ್ನು ಮುಚ್ಚುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಖಾನಾಪುರದ ಲ್ಯಾಬಿನ ಪೂರ್ಣಿಮಾ.

"ಸರ್ರ, ಮಾಸ್ಟರ್ ತುಂಡಿನ ಸಿಲಿಕಾನ್ ಮೂರ ಸಲಾನೂ ಹೆಚ್ಚ ಬಂದೈತಲ್ರಿ. ಏನಾಗೇತ್ರಿ ಅಲ್ಲೆ?"

ಅವಳು ಕೇಳಿದ್ದು ಸಹಜವಾಗಿಯೇ. ಆದರೆ ಬಸಯ್ಯನವರಿಗೆ ಬಚ್ಚಲಮನೆಯ ಬಾಗಿಲನ್ನು ಯಾರೋ ತಳ್ಳಿದಂತಾಯಿತು. ಹನ್ನೊಂದು ವರ್ಷದಲ್ಲಿ ಅವರ ತಪ್ಪು ಅಂಕಿಯನ್ನು ಇನ್ನೊಬ್ಬರು ನೋಡಿರಲಿಲ್ಲ. ಹಿಂದೆಯೂ ಒಮ್ಮೊಮ್ಮೆ ಮುಂಜಾನೆಯ ಮೊದಲ ಕಿಡಿಗಳು ಹೀಗೆ ಬಂದದ್ದು ನೆನಪಾಯಿತು. ಆದರೆ ಆಗ ಕೇಳುವವರು ಇರಲಿಲ್ಲ, ಹಾಗಾಗಿ ಅದು ತಪ್ಪು ಎನಿಸಿರಲಿಲ್ಲ. ಈಗ ಕೇಳುವವರು ಬಂದ ಕೂಡಲೇ ತಪ್ಪು ಹುಟ್ಟಿತು, ತಪ್ಪು ಹುಟ್ಟಿದ ಮೇಲೆ ಅದಕ್ಕೊಬ್ಬ ಅಪ್ಪ ಬೇಕಲ್ಲ. ಅವರು ಮೂಲೆಯತ್ತ ನೋಡಿದರು. ಫರಾಜ ಪರದೆಯನ್ನೇ ದಿಟ್ಟಿಸುತ್ತ, ಚೀಟಿಯ ಮೇಲೆ ಏನೋ ಬರೆದುಕೊಳ್ಳುತ್ತಿದ್ದ.

ಸಂಜೆ ಹಸಿರನ್ನು ತೆರೆದು ನೋಡಿದರು. ಒಂದೂ ತಪ್ಪಿಲ್ಲ. ಇರುವುದು ಹೇಗೆ, ಅದಕ್ಕೆ ಇವರು ನಾಲ್ಕನೆಯದನ್ನಷ್ಟೇ ಕೊಟ್ಟಿದ್ದರು. ಆದರೆ ಆ ಹೊತ್ತಿಗೆ ಬಸಯ್ಯನವರ ತಲೆ ಬೇರೆ ಹಾದಿ ಹಿಡಿದಿತ್ತು. ನೀಲಿ ಕಂಪ್ಯೂಟರಿನ ಒಳಗೆ ಹೊಕ್ಕಿದೆ, ಒಳಗೆ ಹೊಕ್ಕವನು ಅಂಕಿಯನ್ನು ಅಲ್ಲೇ ತಿದ್ದಬಲ್ಲ. ಇಂದು ಮಾಸ್ಟರ್ ತುಂಡಿನ ಮೇಲೆ ಕೈ ಪಳಗಿಸುತ್ತಾನೆ, ನಾಳೆ ಯಾರದೋ ಕೆಟ್ಟ ಎರಕವನ್ನು ಒಳ್ಳೆಯದೆಂದು ತೋರಿಸುತ್ತಾನೆ. ಆ ಎರಕ ಪುಣೆಗೆ ಹೋಗಿ ಒಡೆದರೆ ಹೆಸರು ಕೆಡುವುದು ಸಹಿ ಹಾಕಿದವರದು. ಕತೆ ಎಷ್ಟು ಸೊಗಸಾಗಿ ಕೂಡಿ ಬಂತೆಂದರೆ, ಅದನ್ನು ಪರೀಕ್ಷೆ ಮಾಡಬೇಕೆಂದು ಆ ಪರೀಕ್ಷೆಯ ಮನುಷ್ಯನಿಗೆ ಹೊಳೆಯಲೇ ಇಲ್ಲ.

ಅಂದಿನಿಂದ ಅವರ ಡೈರಿಯ ಹಿಂಬದಿಯಲ್ಲಿ ಫರಾಜನ ಹೆಸರಿನ ಪುಟ ಶುರುವಾಯಿತು. ಬಂದ ಹೊತ್ತು, ಕುಳಿತ ಕುರ್ಚಿ, ಮುಟ್ಟಿದ ಗುಂಡಿ, ಮಾತಾಡಿದ ಫೋನು. ಕಂಪ್ಯೂಟರಿನಲ್ಲಿ ಹಳೆಯ ಕಿಡಿಗಳ ಅಂಕಿಗಳೂ ಬಿದ್ದಿವೆ, ರಜಿಸ್ಟರಿಗೆ ಹತ್ತದವೂ ಇವೆ, ನೀಲಿ ಅವನ್ನೂ ಎಳೆದುಕೊಂಡಿದೆ ಎಂದು ಫರಾಜ ಒಂದು ಸಂಜೆ ಹೇಳಿದ. ಇವನಿಗೆ ಹಳೆಯದರ ಉಸಾಬರಿ ಯಾಕೆ ಎಂದು ಅದನ್ನೂ ಬರೆದರು. ಇನ್ನೊಮ್ಮೆ ಮಾಸ್ಟರ್ ತುಂಡು ಕೆಟ್ಟರೆ ತನಗೆ ತಿಳಿಸಬೇಕು ಎಂದು ಕೇಳಿದ. ಅದರ ಕೆಳಗೆ ಎರಡು ಗೆರೆ ಎಳೆದರು. ಆ ತಿಂಗಳೆಲ್ಲ ಫರಾಜ ಬರುತ್ತಿದ್ದುದು ಸಂಜೆ, ಆ ತಿಂಗಳೆಲ್ಲ ಮುಂಜಾನೆಯ ಅಂಕಿ ಒಮ್ಮೆಯೂ ಕೆಡಲಿಲ್ಲ. ಯಾರು ಇದ್ದಾಗ ಕೆಡುತ್ತದೆಯೋ, ಯಾರು ಇಲ್ಲದಾಗ ಕೆಡುವುದಿಲ್ಲವೋ, ಕೆಡಿಸುವವರು ಅವರೇ. ಬಸಯ್ಯನವರು ಈ ಸೂತ್ರವನ್ನು ಡೈರಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ಓದಿ, ತಮ್ಮ ಬುದ್ಧಿಯನ್ನು ತಾವೇ ಮೆಚ್ಚಿಕೊಂಡರು.

ನಾಗರ ಅಮಾವಾಸ್ಯೆಯ ಹಿಂದಿನ ದಿನ ಫರಾಜ ಫೋನು ಮಾಡಿ, ನಾಳೆ ಮುಂಜಾನೆ ಬಂದರೆ ನಡೆಯುತ್ತದೆಯೇ ಎಂದು ಕೇಳಿದ. ಬಾ ಎಂದರು ಬಸಯ್ಯನವರು, ಬಲೆ ಹಾಕುವವರ ಉತ್ಸಾಹದಲ್ಲಿ. ಮಳೆಯಲ್ಲಿ ತೊಯ್ದುಕೊಂಡು ಎಂಟು ಗಂಟೆಗೇ ಬಂದ. ಅಂದು ಅವನು ಕಂಪ್ಯೂಟರಿನ ಹತ್ತಿರ ಸುಳಿಯಲಿಲ್ಲ. ಬಾಗಿಲಲ್ಲಿ ನಿಂತು ಪೂಜೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ, ಬಸಯ್ಯನವರ ಕೈಗಳನ್ನೇ ನೋಡಿದ. ಮಾಸ್ಟರ್ ತುಂಡು ಇಟ್ಟರು. ಮೂರು ಕಿಡಿಗಳೂ ತಪ್ಪು. ಉಜ್ಜಿ ಇಟ್ಟ ನಾಲ್ಕನೆಯದು ಸರಿ. ಪೂರ್ಣಿಮಾಳ ಫೋನು ಬಂತು. ಬಸಯ್ಯನವರು ತಿರುಗಿ ನೋಡಿದಾಗ ಫರಾಜನ ಮುಖ ಸಪ್ಪಗಾಗಿತ್ತು. ಏನೋ ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡ. ಚಹಾ ಬೇಡವೆಂದು ಹೊರಟೇ ಹೋದ. ಕಳ್ಳ ಸಿಕ್ಕಿಬಿದ್ದ ಎಂದು ಬಸಯ್ಯನವರಿಗೆ ಖಾತ್ರಿಯಾಯಿತು.

ಅಂದೇ ಸಂಜೆ ಮನೆಯಲ್ಲಿ ಕುಳಿತು ಪತ್ರ ಬರೆದರು. ಫರಾಜನು ಲ್ಯಾಬಿನಲ್ಲಿ ಇದ್ದಾಗ ಮಾಸ್ಟರ್ ತುಂಡಿನ ಅಂಕಿ ಎರಡು ಸಲ ಕೆಟ್ಟಿದೆ, ಫರಾಜನ ಕೈ ಸೋಂಕಿಲ್ಲದೆ ಇದು ಸಾಧ್ಯವಿಲ್ಲ, ಫರಾಜನನ್ನು ನಂಬಿ ಲ್ಯಾಬಿನ ಕಂಪ್ಯೂಟರು ಒಪ್ಪಿಸುವುದು ಅಪಾಯ, ಆದ್ದರಿಂದ ಹಸಿರನ್ನೇ ಆರಿಸಬೇಕು ಎಂದು. ಕಾಂತಾ ಓದಿ ನೋಡಿ ಸುಮ್ಮನೆ ಇರಲಿಲ್ಲ.

"ಅವ ಕೆಡಸೂದನ್ನ ನೀವು ಕಣ್ಣಾರೆ ನೋಡೀರೇನು?"

ನೋಡಿಲ್ಲ ಎನ್ನಲು ಆಗಲಿಲ್ಲ, ನೋಡಿದೆ ಎಂದರೆ ಸುಳ್ಳಾಗುತ್ತಿತ್ತು. ಇದೆಲ್ಲ ನಿನಗೆ ತಿಳಿಯುವುದಿಲ್ಲ ಎಂದರು. ಮರುದಿನ ಪತ್ರ ಪ್ರಸಾದನ ಕೈ ಸೇರಿತು. ಪ್ರಸಾದ ಹೆಗಲ ಮೇಲೆ ಕೈ ಹಾಕಿ, ಇಂಥವನನ್ನು ಉದ್ಯಮಬಾಗದ ಒಂದು ಗೇಟಿನೊಳಗೂ ಬಿಡಬಾರದು, ನಾನು ಎಲ್ಲರಿಗೂ ಹೇಳುತ್ತೇನೆ ಎಂದರು. ಶನಿವಾರ ಸಭೆ. ಅಷ್ಟರಲ್ಲಿ ನೀಲಿಯ ಅಂಕಿಗಳ ಕಾಗದವನ್ನು ಖಾನಾಪುರದಿಂದ ತಂದರೆ ಪುರಾವೆ ಗಟ್ಟಿಯಾಗುತ್ತದೆ ಎಂದೂ ಹೇಳಿದರು. ಹೆಗಲ ಮೇಲಿನ ಕೈ ಅಂದು ಬಸಯ್ಯನವರಿಗೆ ಅಷ್ಟೊಂದು ಭಾರ ಎನಿಸಲಿಲ್ಲ.

ಶುಕ್ರವಾರ ಮುಂಜಾನೆಯ ಬಸ್ಸಿಗೆ ಖಾನಾಪುರಕ್ಕೆ ಹೋದರು. ಗುಂಜಿಯಿಂದ ರೈಲಿಗೆ ಬರುವ ಪೂರ್ಣಿಮಾ ಅಷ್ಟೊತ್ತಿಗೆ ಬಂದು ಒದ್ದೆ ಮರಳನ್ನು ಒಲೆಯ ಮೇಲೆ ಒಣಗಲು ಇಟ್ಟಿದ್ದಳು. ಕುಂದರ್ರಿ ಸರ್ರ ಎಂದು ಕುರ್ಚಿ ಒರೆಸಿ ಕೊಟ್ಟಳು. ಕೆಲಸ ತಿಳಿದವಳು, ಆದರೆ ಹಿರಿಯರಿಗೆ ಎದುರಾಡುವ ಹೆಣ್ಣಲ್ಲ. ಎರಡು ತಿಂಗಳ ಕಾಗದ ಕೇಳಿದಾಗ ಅವಳು ಒಂದು ಗಳಿಗೆ ತಡೆದು, ಹಳೆಯದೂ ಬೇಕೇನ್ರಿ ಎಂದಳು.

ಬೇಕು ಎಂದರು ಬಸಯ್ಯನವರು. "ಜನವರಿಯಿಂದ ತಗಿ. ಫರಾಜ ಬರೂಕಿಂತ ಮೊದಲ ಒಂದೂ ತಪ್ಪ ಇರಂಗಿಲ್ಲ, ನೋಡ."

ಅವಳು ತೆಗೆದು ಕೊಟ್ಟಳು. ಮಾಸ್ಟರ್ ತುಂಡಿನ ಅಂಕಿಗಳಷ್ಟೇ, ಏಳು ತಿಂಗಳವು, ತಪ್ಪು ಬಂದಲ್ಲಿ ಕೆಂಪು. ಬಸಯ್ಯನವರು ಕನ್ನಡಕ ಏರಿಸಿ ನೋಡಿದರು. ಜನವರಿಯಲ್ಲಿ ಒಂದು ದಿನ ಮೂರು ಕೆಂಪು. ಫೆಬ್ರುವರಿಯಲ್ಲಿ ಒಂದು ದಿನ ಮೂರು. ಮಾರ್ಚಿನಲ್ಲಿ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮತ್ತೆ ಒಂದೊಂದು ದಿನ ಮೂರು ಮೂರು. ಫರಾಜ ಲ್ಯಾಬಿನ ಮೆಟ್ಟಿಲು ಹತ್ತಿದ್ದು ಜೂನಿನಲ್ಲಿ.

ಮೊದಲು ಅವರಿಗೆ ಬಂದದ್ದು ಸಿಟ್ಟು. ಈ ಅಂಕಿಗಳನ್ನೂ ಅವನೇ ತಿದ್ದಿರಬೇಕು ಎಂದುಕೊಂಡರು. ಆದರೆ ಹನ್ನೊಂದು ವರ್ಷದ ರೂಢಿ ಬಿಡಲಿಲ್ಲ, ತಿಂಗಳಿಗೊಂದೇ ದಿನ ಯಾಕೆ ಎಂದು ತಲೆ ಕೇಳತೊಡಗಿತು. ಲೈಟು ಹೋಗುವ ವಾರವಿರಬಹುದೇ ಎಂದು ನೋಡಲು ಎದ್ದು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋದರು. ಜನವರಿಯ ಪುಟ ಎತ್ತಿ ತಾರೀಖು ಹುಡುಕಿದರು. ಅಲ್ಲೊಂದು ಕರಿಯ ಚುಕ್ಕೆ ಇತ್ತು. ಫೆಬ್ರುವರಿಯ ತಾರೀಖಿನ ಮೇಲೂ ಕರಿಯ ಚುಕ್ಕೆ. ಏಪ್ರಿಲ್ ನೋಡಿದರು, ಮೇ ನೋಡಿದರು, ಜೂನ್, ಜುಲೈ ನೋಡುವ ಅಗತ್ಯವೇ ಇರಲಿಲ್ಲ. ಎಲ್ಲವೂ ಅಮಾವಾಸ್ಯೆಗಳು.

ಮಾರ್ಚಿನಲ್ಲೂ ಅಮಾವಾಸ್ಯೆ ಇತ್ತು, ಕೆಂಪು ಇರಲಿಲ್ಲ. ಯಾಕಿರಲಿಲ್ಲವೆಂದು ಅವರು ಯೋಚಿಸಬೇಕಾಗಲಿಲ್ಲ. ಆ ವಾರ ಕಾಂತಾಳ ಕಣ್ಣಿನ ಆಪರೇಶನ್ ಎಂದು ಅವರು ರಜೆ ಹಾಕಿದ್ದರು. ಲ್ಯಾಬನ್ನು ಬೇರೆಯವರು ನಡೆಸಿದ್ದರು, ಪೂಜೆ ಆಗಿರಲಿಲ್ಲ. ಯಾರು ಇದ್ದಾಗ ಕೆಡುತ್ತದೆಯೋ, ಯಾರು ಇಲ್ಲದಾಗ ಕೆಡುವುದಿಲ್ಲವೋ. ದಪ್ಪ ಅಕ್ಷರದಲ್ಲಿ ಬರೆದದ್ದು ಅವರೇ.

ಬಸಯ್ಯನವರು ಬಲಗೈಯನ್ನು ತಿರುಗಿಸಿ ಮೂರು ಬೆರಳುಗಳನ್ನು ನೋಡಿಕೊಂಡರು. ಉಜ್ಜಿದ ಮುಖಕ್ಕೆ ಬೆರಳು ತಾಗಿಸಬೇಡ, ಬೆರಳಿನ ಜಿಡ್ಡೂ ಅಂಕಿಯಾಗಿ ಬರುತ್ತದೆ ಎಂದು ಹನ್ನೊಂದು ವರ್ಷದಲ್ಲಿ ಎಷ್ಟು ಜನರನ್ನು ಗದರಿದ್ದರು. ಅದೇ ಬೆರಳುಗಳಿಂದ ಪ್ರತಿ ಅಮಾವಾಸ್ಯೆ ಮಾಸ್ಟರ್ ತುಂಡಿನ ಉಜ್ಜಿದ ಮುಖಕ್ಕೇ ವಿಭೂತಿ ಎಳೆದಿದ್ದರು. ಬಟ್ಟೆಯಿಂದ ಒರೆಸಿದರೆ ಕಣ್ಣಿಗೆ ಕಾಣದಷ್ಟು ಹೋಗುತ್ತದೆ, ಕಿಡಿಗೆ ಸಿಗದಷ್ಟು ಹೋಗುವುದಿಲ್ಲ. ವಿಭೂತಿಯೆಂದರೆ ಸಗಣಿಯ ಬೂದಿ, ಬೂದಿಯಲ್ಲಿ ಸಿಲಿಕಾನ್ ಇದ್ದೇ ಇರುತ್ತದೆ. ನಾಲ್ಕನೆಯ ಸಲ ಬಿಲ್ಲೆಯನ್ನು ಉಜ್ಜಿದಾಗ ತಪ್ಪು ಉಜ್ಜಿ ಹೋಗುತ್ತಿತ್ತು. ಸರಿಯಾದದ್ದನ್ನಷ್ಟೇ ಅವರು ಬರೆದುಕೊಳ್ಳುತ್ತಿದ್ದರು. ಪೂಜೆ ಪೂಜೆಯಾಗಿತ್ತು, ಪರೀಕ್ಷೆ ಪರೀಕ್ಷೆಯಾಗಿತ್ತು, ಎರಡೂ ಒಂದೇ ಕೈಯಿಂದ ನಡೆಯುತ್ತಿವೆ ಎಂಬುದು ಅವರಿಗೆ ಹೊಳೆದಿರಲಿಲ್ಲ. ನಾಚಿಕೆ ಕಾಲಿನಿಂದ ಏರಿ ಕಿವಿಯವರೆಗೆ ಬಂತು.

ಪೂರ್ಣಿಮಾ ಬೆನ್ನು ತಿರುಗಿಸಿ ಮರಳನ್ನು ಕೆದಕುತ್ತಿದ್ದಳು. ಅವಳಿಗೂ ಗೊತ್ತು ಎಂದು ಆ ಬೆನ್ನನ್ನು ನೋಡಿಯೇ ತಿಳಿಯಿತು.

ಫರಾಜನ ಮನೆ ಎಲ್ಲಿ ಎಂದು ಕೇಳಿದರು. ಸ್ಟೇಶನ್ನಿನ ಹತ್ತಿರ, ನಡೆದು ಹೋದರೆ ಹತ್ತು ನಿಮಿಷ. ಅವನು ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಬೈಕಿನ ಚೈನಿಗೆ ಎಣ್ಣೆ ಹಾಕುತ್ತಿದ್ದ. ಶುಕ್ರವಾರ ಮುಂಜಾನೆ ಹತ್ತು ಗಂಟೆಗೆ ಉದ್ಯಮಬಾಗದಲ್ಲಿ ಇರಬೇಕಾದವನು ಮನೆಯಲ್ಲಿದ್ದ. ಯಾಕೆ ಎಂದು ಬಸಯ್ಯನವರು ಕೇಳಲಿಲ್ಲ, ಅವನೇ ಹೇಳಿದ. ಎರಡು ದಿನದಲ್ಲಿ ನಾಲ್ಕು ಕಾರಖಾನೆಯವರು ಸದ್ಯಕ್ಕೆ ಬರುವುದು ಬೇಡ ಎಂದಿದ್ದರು. ಒಳಗಿನಿಂದ ತಾಯಿ ಸಾಯಿರಾ ಬಂದು, ಬಂದವರು ಯಾರೆಂದು ತಿಳಿಯದೆ, ಒಳಗೆ ಬರ್ರಿ, ಮಳಿ ಬರತೈತಿ ಎಂದು ಕರೆದು ಚಹಾಕ್ಕೆ ಇಡಲು ಹೋದರು. ಮಗ ಪತ್ರದ ವಿಷಯ ಮನೆಯಲ್ಲಿ ಹೇಳಿರಲಿಲ್ಲ.

"ನಿನಗ ಗೊತ್ತಿತ್ತ?" ಬಸಯ್ಯನವರು ನಿಂತುಕೊಂಡೇ ಕೇಳಿದರು.

ಫರಾಜ ಚೈನಿನಿಂದ ಕಣ್ಣು ತೆಗೆಯಲಿಲ್ಲ. "ತಾರೀಖು ನೋಡಿ ಸಂಶೆ ಬಂದಿತ್ರಿ ಕಾಕಾ. ನಾಗರ ಅಮಾಸಿ ದಿನ ನಿಮ್ಮ ಕೈ ನೋಡಿದ ಮ್ಯಾಲ ಗೊತ್ತಾತು."

"ಮತ್ತ ಅಲ್ಲೇ ಯಾಕ ಹೇಳಲಿಲ್ಲ?"

"ಹೆಂಗ ಹೇಳ್ಲಿರಿ. ನೀವು ವಿಭೂತಿ ಹಚ್ಚಿದ್ದಕ್ಕ ಮಶಿನ್ ತಪ್ಪ ಹೇಳತೈತಿ ಅನ್ನೂ ಮಾತು ನನ್ನ ಬಾಯಿಂದ ಬಂದ್ರ ಅದು ಮಶಿನ್ ಮಾತಾಗಿ ಉಳಿತೈತೇನ್ರಿ? ಕೆಲಸ ಹೋದ್ರ ಇನ್ನೊಂದ ಕಡೆ ಸಿಗತೈತಿ. ಆ ಮಾತು ಊರ ತುಂಬ ಹಬ್ಬಿದ್ರ ಮನಿ ಮಂದಿ ಎಲ್ಲಿಗೆ ಹೋಗಬೇಕು."

ಅವನು ಅಂದು ಹೇಳಿದ್ದರೆ ತಾವು ಏನು ಮಾಡುತ್ತಿದ್ದೆವು ಎಂದು ಬಸಯ್ಯನವರು ಯೋಚಿಸಿದರು. ಈ ಪತ್ರಕ್ಕಿಂತ ಕೆಟ್ಟ ಪತ್ರ ಬರೆಯುತ್ತಿದ್ದರು. ಚಹಾ ಬಂತು. ಕುಡಿದರು. ಜೀವನದಲ್ಲಿ ಮೊದಲ ಸಲ, ಕೊಟ್ಟವರನ್ನು ನೋಡದೆ, ಮೂಸದೆ ಕುಡಿದರು. ಹೊರಡುವಾಗ ತಪ್ಪಾಯಿತು ಎಂದರು. ಫರಾಜ ಎಣ್ಣೆಯ ಕೈ ಒರೆಸಿಕೊಂಡು ಎದ್ದ. ಬಸ್‌ಸ್ಟ್ಯಾಂಡಿನವರೆಗೆ ಬೈಕಿನ ಮೇಲೆ ಬಿಟ್ಟು ಬಂದ.

ಶನಿವಾರದ ಸಭೆಗೆ ಇಪ್ಪತ್ತೊಂದು ಜನ ಬಂದಿದ್ದರು. ಪ್ರಸಾದ ಪತ್ರವನ್ನು ಹೊರತೆಗೆದು ಗಂಟಲು ಸರಿಮಾಡಿಕೊಳ್ಳುವಾಗ, ನಾನು ಬರೆದದ್ದನ್ನು ನಾನೇ ಓದುತ್ತೇನೆ ಎಂದು ಬಸಯ್ಯನವರು ಇಸಿದುಕೊಂಡರು. ಒಂದಕ್ಷರ ಬಿಡದೆ ಓದಿದರು. ಫರಾಜನು ಲ್ಯಾಬಿನಲ್ಲಿ ಇದ್ದಾಗ ಅಂಕಿ ಕೆಟ್ಟಿದೆ, ಫರಾಜನ ಕೈ ಸೋಂಕಿಲ್ಲದೆ ಇದು ಸಾಧ್ಯವಿಲ್ಲ, ಫರಾಜನನ್ನು ನಂಬುವುದು ಅಪಾಯ. ಹಿಂದಿನ ಸಾಲಿನಲ್ಲಿ ಒಂದಿಬ್ಬರು ತಲೆ ಆಡಿಸಿದರು. ಓದಿ ಮುಗಿಸಿ ಅವರು ಚೀಲದಿಂದ ಕೆಂಪು ಬಟ್ಟೆಯ ಗಂಟು ತೆಗೆದು ಮೇಜಿನ ಮೇಲಿಟ್ಟು ಬಿಚ್ಚಿದರು. ಅದರ ಪಕ್ಕಕ್ಕೆ ಏಳು ತಿಂಗಳ ಕಾಗದವನ್ನೂ ಕ್ಯಾಲೆಂಡರನ್ನೂ ಇಟ್ಟರು.

"ಇದರಾಗ ಬರದದ್ದು ಎಲ್ಲಾ ಖರೇ ಐತ್ರಿ. ಹೆಸರೊಂದ ತಪ್ಪೈತಿ. ಫರಾಜ ಅಂತ ಇದ್ದಲ್ಲೆಲ್ಲ ಬಸಯ್ಯ ಅಂತ ಓದಕೊಳ್ರಿ."

ಆಮೇಲೆ ಎಲ್ಲವನ್ನೂ ಹೇಳಿದರು. ವಿಭೂತಿ, ಬೆರಳು, ಮೂರು ಕಿಡಿ, ಬರೆಯದೆ ಬಿಟ್ಟ ಅಂಕಿ, ಡೈರಿ. ಫೌಂಡ್ರಿಗಳ ವರದಿಯಲ್ಲಿ ತಪ್ಪು ಹೋಗಿಲ್ಲ, ಯಾಕೆಂದರೆ ನಾಲ್ಕನೆಯದು ಸರಿ ಬರುವವರೆಗೆ ನಾನು ಬೇರೆ ಬಿಲ್ಲೆ ಮುಟ್ಟುತ್ತಿರಲಿಲ್ಲ, ಆದರೆ ನನ್ನ ತಪ್ಪನ್ನು ನಾನು ಬರೆದಿಡಲಿಲ್ಲ ಎಂದರು. ಪ್ರಸಾದ, ಹಾಗಾದರೆ ಹಸಿರೇ ವಾಸಿಯಲ್ಲವೇ, ನಮ್ಮ ಲ್ಯಾಬಿನ ಇಂಥ ಸಣ್ಣಪುಟ್ಟದ್ದೆಲ್ಲ ಪುಣೆಗೆ ಯಾಕೆ ತಿಳಿಯಬೇಕು ಎಂದು ಮೆಲ್ಲಗೆ ಕೇಳಿದರು. ಕೇಳಬೇಕಾದ ಮಾತೇ. ಹತ್ತಾರು ತಲೆಗಳು ಬಸಯ್ಯನವರ ಕಡೆ ತಿರುಗಿದವು.

"ಹಸಿರು ನಾ ಹೇಳಿದ್ದನ್ನಷ್ಟ ಕೇಳತೈತ್ರಿ," ಎಂದರು ಬಸಯ್ಯನವರು. "ಹನ್ನೊಂದ ವರ್ಷ ನಾನೂ ನಾ ಹೇಳಿದ್ದನ್ನಷ್ಟ ಕೇಳೇನಿ. ನೀಲಿ ಹಾಕ್ರಿ."

ನೀಲಿ ಎಂದು ಠರಾವಾಯಿತು. ಪ್ರಸಾದ ಅಂದು ಯಾರ ಹೆಗಲ ಮೇಲೂ ಕೈ ಹಾಕಲಿಲ್ಲ. ಆದರೆ ಮಾತು ಮೊದಲೇ ಗೇಟು ದಾಟಿ ಹೋಗಿತ್ತು, ಅದನ್ನು ಸಭೆಯ ಠರಾವು ಹಿಂದಕ್ಕೆ ಕರೆಯಲಾರದು. ಬಸಯ್ಯನವರು ಮುಂದಿನ ವಾರ ದಿನಾ ಸಂಜೆ ಆ ನಾಲ್ಕು ಕಾರಖಾನೆಗಳಿಗೆ ತಾವೇ ಹೋಗಿ, ಕಚೇರಿಯಲ್ಲಿ ನಿಂತು, ಅದೇ ಕತೆಯನ್ನು ಮತ್ತೆ ಹೇಳಿದರು. ಮೂವರು ಫರಾಜನನ್ನು ಕರೆದರು. ನಾಲ್ಕನೆಯವರು ನೋಡೋಣ ಎಂದರು, ಇನ್ನೂ ನೋಡುತ್ತಲೇ ಇದ್ದಾರೆ.

ಶ್ರಾವಣದ ಅಮಾವಾಸ್ಯೆಗೆ, ಚೌತಿಗೆ ನಾಲ್ಕು ದಿನ ಇರುವಾಗ, ಹಿಂದಿನ ಸಂಜೆ ಪುಣೆಗೆ ಜೋಡಿಸಿದ್ದ ನೀಲಿ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಫರಾಜ ಬಂದ. ಊದಿನಕಡ್ಡಿಯ ವಾಸನೆ ಬರುತ್ತಿರಲಿಲ್ಲ, ಆದರೂ ರೂಢಿಯಂತೆ ಬೂಟು ಕಳಚಿ ಬಾಗಿಲಲ್ಲೇ ನಿಂತ. ಪೂಜೆಯ ತಟ್ಟೆ ಹೊಸ್ತಿಲ ಬಳಿ ಕಾದಿತ್ತು. ಬಸಯ್ಯನವರು ಅವನನ್ನು ಒಳಗೆ ಕರೆದರು. ಮಾಸ್ಟರ್ ತುಂಡನ್ನು ಉಜ್ಜಿ, ಅಂಚಿನಲ್ಲಿ ಹಿಡಿದು, ಅವನ ಕೈಗೆ ಕೊಟ್ಟರು.

"ಮೊದಲ ಇದು. ನೀನ ಇಡು. ಪೂಜಿ ಆಮ್ಯಾಲ, ಬಾಗಿಲಿಗೆ ಮಾಡೂಣು."

ಫರಾಜ ಇಟ್ಟ. ಕಿಡಿ ಹಾರಿತು. ಮೊದಲ ಸಲಕ್ಕೇ ಪ್ರಮಾಣಪತ್ರದ ಅಂಕಿ ಬಂತು, ಬಂದ ಗಳಿಗೆಯಲ್ಲೇ ಖಾನಾಪುರಕ್ಕೂ ಪುಣೆಗೂ ಹೋಯಿತು. ಬಸಯ್ಯನವರು ಅದನ್ನು ರಜಿಸ್ಟರಿನಲ್ಲಿ ಬರೆದು, ಕೈ ತೊಳೆದು, ಬಾಗಿಲಿಗೆ ವಿಭೂತಿ ಹಚ್ಚಿ, ಕಾಯಿ ಒಡೆದರು. ಖಾನಾಪುರದಿಂದ ಫೋನು ಬರಲಿಲ್ಲ. ಆದರೂ ಅವರು ಅರ್ಧ ತಾಸು ಫೋನಿನ ಹತ್ತಿರವೇ ಕುಳಿತಿದ್ದರು.